ತಾಟಿನ್ಯಾಗ ಬರೆದ ಹೆಸರು, ಗೆಜೆಟ್ಟಿನ್ಯಾಗ ಅಳಿಸಿದ್ದು

ಮುಂಬೈದಾಗ ನಮ್ಮ ಭಾಂಡುಪಿನ್ಯಾಗ ಯಾರದರ ಹೆಸರು ಬದಲಾಗೂದು ಇದ್ದದ್ದ. ಒಬ್ಬಾಂವ ಜ್ಯೋತಿಷಿ ಮಾತು ಕೇಳಿ ಹೊಸಾ ಹೆಸರು ಇಟ್ಟಕೋತಾನ. ಒಬ್ಬಾಕಿ ಗಂಡನ್ನ ಬಿಟ್ಟು ಅಡ್ಡಹೆಸರು ತಗಸ್ತಾಳ. ಎದುರಿನ ಬಿಲ್ಡಿಂಗಿನಾಂವ ಮೊದಲನೇ ಹೆಂಡತಿ ಕೈಗೆ ಸಿಗಬಾರದಂತ ಹೆಸರು ಬದಲಿ ಮಾಡಿಕೊಂಡಾನ. ಇವೆಲ್ಲಾ ನನಗ ಹೆಂಗ ಗೊತ್ತು ಅಂತ ಕೇಳಬ್ಯಾಡ್ರಿ. ನಮ್ಮ ಬಾಗಲಾ ಮೆಟ್ಟಿಲದ ಬಾಜೂಕ ಐತಿ, ಅಷ್ಟ.

ಆದರ ಎಪ್ಪತ್ತು ದಾಟಿದ ಮುದುಕಿ, ಗಂಡ ಗಟ್ಟಿಮುಟ್ಟಾಗಿ ಬಾಜೂಕ ಕುಂತಿರಬೇಕಾದ್ರ, ಅದ ಗಂಡ ಇಟ್ಟ ಹೆಸರನ್ನ ಸರಕಾರಕ್ಕ ಹೇಳಿ ಕಿತ್ತಿ ಒಗದದ್ದು ಇಡೀ ಭಾಂಡುಪಿನ್ಯಾಗ ನಾನೊಬ್ಬಾಕಿನ. ಅದರಾಗ ಆದ ಫಜೀತಿ ಹೇಳ್ತೀನಿ. ನಗ್ರಿ, ಬ್ಯಾಡನ್ನೂದಿಲ್ಲ. ನನ್ನ ಮುಂದ ನಗ್ರಿ. ಬೆನ್ನ ಹಿಂದ ಆಡಿಕೊಳ್ಳೂದು ನನ್ನ ಕೆಲಸ, ಅದನ್ನ ಯಾರಿಗೂ ಬಿಟ್ಟಕೊಟ್ಟಿಲ್ಲ.

ಬಯ್ಯಾಕ ಒಂದು ಹೆಸರು

ನಮ್ಮ ತವರಿನವರು ಬೆಳಗಾವಿ ಕಡೆಯವರು. ಹುಟ್ಟಿದಾಗ ನನಗಿಟ್ಟ ಹೆಸರು ರುದ್ರವ್ವ. ನಮ್ಮ ಕಡೆ ಲಗ್ನದಾಗ ಹುಡುಗಿಗೆ ಹೊಸಾ ಹೆಸರಿಡೂದು ಪದ್ಧತಿ. ತಾಟಿನ್ಯಾಗ ಅಕ್ಕಿ ಹರವಿ, ಮದುಮಗ ಉಂಗುರಲೆ ಅದರಾಗ ಹೆಸರು ಬರೀತಾನ. ಅಲ್ಲಿಗೆ ಹಳೇ ಹೆಸರು ಸತ್ತಂಗ. ನಮ್ಮವರು ಬರದ್ರು: ಕುಸುಮಾ.

ಮದುವ್ಯಾದ ಹೊಸತರಾಗ ಧೈರ್ಯ ಮಾಡಿ ಅತ್ತಿನ್ನ ಕೇಳಿದೆ, "ಅತ್ತೀ, ರುದ್ರವ್ವ ಅನ್ನೂ ಹೆಸರಿಗೆ ಏನಾಗಿತ್ತರೀ?"

"ಅದು ನಮ್ಮತ್ತಿ ಹೆಸರು," ಅಂದ್ರು ಅವರು. "ಹಿರೀ ಜೀವ. ಆಕಿ ಹೆಸರು ಹಿಡಿದು ನಿನ್ನ ಹೆಂಗ ಬಯ್ಯಲಿ? ಪಾಪ ಬರತೈತಿ."

ತಗೋರಿ. ಊರ ಮಂದಿ ಸೊಸೀಗೆ ಹೆಸರಿಡೂದು ಕರಿಯಾಕ. ನಮ್ಮ ಮನ್ಯಾಗ ಇಟ್ಟದ್ದು ಬಯ್ಯಾಕ.

ದಾದರದ ಬ್ರಿಡ್ಜ್ ಮ್ಯಾಲೆ

ಹಂಗಿದ್ದರೂ ಆ ಹೆಸರು ಹೊತಗೊಂಡು ನಡದೆ. ರೇಶನ್ ಕಾರ್ಡು, ಬ್ಯಾಂಕು, ಆಧಾರು, ಎಲ್ಲಾ ಕಡೆ ಕುಸುಮಾನ ಕುಂತಳು. ಹೋದ ವರ್ಷ ಸಾಂತಾಕ್ರೂಜಿನ್ಯಾಗ ನಮ್ಮ ಮಂದೀದ ಒಂದು ಲಗ್ನ ಇತ್ತು. ಊಟದಾಗ ನನ್ನ ಬಾಜೂಕ ಒಬ್ಬ ಮುದುಕಿ ಕುಂತಳು. ನಮ್ಮವರು ಲಗ್ನಕ್ಕ ಮೊದಲು ಇದ್ದ ಚಾಳಿನಾಕಿ. ನನ್ನ ಹೆಸರು ಕೇಳಿ ಆಕಿ ಕೈಯಾಗಿನ ಜಿಲೇಬಿ ಕೆಳಗಿಟ್ಟಳು. ಜಿಲೇಬಿ ಕೆಳಗಿಟ್ಟು ಹೇಳೂ ಸುದ್ದಿ ಸಣ್ಣದಿರೂದಿಲ್ಲ, ಅದು ನನಗ ಗೊತ್ತು.

"ಕುಸುಮಾ ಏನು? ನಮ್ಮ ಚಾಳಿನ್ಯಾಗೂ ಒಬ್ಬಾಕಿ ಇದ್ಲಲ್ಲ ಕುಸುಮಾ, ಮ್ಯಾಲಿನ ಮಜಲಿಯಾಕಿ. ನಿನ್ನ ಗಂಡ ದಿನಾ ನಸಿಕಿಲೆ ನಳದ ಮುಂದ ನಿಂತು ಆಕಿ ಮನೀ ಕೊಡಾ ತುಂಬಿಸ್ತಿದ್ದ. ನಮ್ಮ ಮನ್ಯಾಗ ಕುಡಿಯಾಕ ನೀರಿಲ್ಲ, ಮಗಾ ಮಂದೀಗೆ ಹೊರತಾನ ಅಂತ ಅವರವ್ವ ಹೊಯ್ಕೋತಿದ್ಲು."

ನಾನು ಜಿಲೇಬಿ ಪೂರಾ ತಿಂದೆ. ಸಿಟ್ಟು ಬ್ಯಾರೆ, ಜಿಲೇಬಿ ಬ್ಯಾರೆ.

ಲೋಕಲ್‌ನಾಗ ನಾನು ಲೇಡೀಸ್ ಡಬ್ಬ್ಯಾಗ, ಅವರು ಗಂಡಸರ ಡಬ್ಬ್ಯಾಗ. ದಾದರದಾಗ ಗಾಡಿ ಬದಲಿ ಮಾಡಾಕ ಬ್ರಿಡ್ಜ್ ಹತ್ತಿದಾಗ ಸಿಕ್ಕರು. ನಟ್ಟನಡುವ ನಿಲ್ಲಿಸಿದೆ.

"ಯಾರರೀ ಆಕಿ?"

"ಯಾರು?"

"ನನ್ನ ಹೆಸರಿನಾಕಿ."

"ಗದ್ದಲ ಐತಿ, ಕೇಳಸವಲ್ದು."

"ಕೇಳಸೂತನಕ ಇಲ್ಲೇ ನಿಂದರತೀನಿ."

ಸಂಜೀ ಹೊತ್ತಿನ್ಯಾಗ ದಾದರದ ಬ್ರಿಡ್ಜ್ ಮ್ಯಾಲೆ ಇಬ್ಬರು ನಿಂತರ ಹಿಂದ ಅರ್ಧಾ ಮುಂಬೈ ನಿಂದರತೈತಿ. ದೂಡಾಡಿದ್ರು, ಒದರಿದ್ರು. ನಾನು ಅಲಗಾಡಲಿಲ್ಲ. ಕಡೀಕ ನಮ್ಮವರು ಕೆಳಗ ನೋಡ್ಕೋತ ಅಂದ್ರು, "ತಾಟಿನ ಮುಂದ ಕುಂತಾಗ ಬ್ಯಾರೆ ಹೆಸರು ನೆನಪಾಗಲಿಲ್ಲ."

ನಮ್ಮ ಹಿಂದ ಬ್ಯಾಗ ಹೊತ್ತು ನಿಂತಾಂವ ನಮ್ಮ ಕಡೆಯಾಂವನ ಇದ್ದ ಕಾಣತೈತಿ. ಸಮಾಧಾನದಿಂದ ಅಂದ, "ಯಜ್ಜಾ, ಪಾರವ್ವ ಅಂತ ಬರದಬಿಟ್ಟಿದ್ದರ ಇವತ್ತು ನಮ್ಮ ಲೋಕಲ್ ತಪ್ಪತಿರಲಿಲ್ಲ."

ಜನಾ ಏನಂತಾರ

ಮನೀಗೆ ಬಂದು ಹೇಳಿದೆ, ನನಗ ನನ್ನ ಹೆಸರು ವಾಪಸ್ ಬೇಕು. ಸತ್ತಾಗ ಸುಡಗಾಡದ ಕಾಗದದಾಗ ಮ್ಯಾಲಿನ ಮಜಲಿಯಾಕಿ ಹೆಸರು ಬರಿಸಿಕೊಂಡು ಹೋಗಾಕಿ ನಾನಲ್ಲ.

ಮಗ ಹಣಿ ಹಣಿ ಬಡಕೊಂಡ. "ಯವ್ವಾ, ಈ ವಯಸ್ಸಿನ್ಯಾಗ ಬ್ಯಾಡ ಬೇ. ಜನಾ ಏನಂತಾರ?"

ಸೊಸಿ ಮಾತ್ರ ನನ್ನ ಕಡೆ. ವಿಕ್ರೋಳಿಯೊಳಗ ಒಂದು ಆಫೀಸಿನ್ಯಾಗ ನೌಕರಿ ಮಾಡತಾಳ, ಕಾಯ್ದೆ ಗೊತ್ತು. ಈಕಿ ಲಗ್ನದಾಗೂ ನನ್ನ ಮಗ ಅಕ್ಕ್ಯಾಗ ಏನೋ ಹೊಸಾ ಹೆಸರು ಬರದಿದ್ದ. ಆಕಿ ತಾಟು ಎತ್ತಿ ಒಮ್ಮೆ ಜಾಡಿಸಿ, ಅಕ್ಕಿ ಸಪಾಟ ಮಾಡಿ, ತನ್ನ ಹೆಸರು ತಾನ ಬರದು ಗಂಡನ ಮಾರಿ ನೋಡಿದಾಕಿ.

"ಅತ್ತೀ, ಹಾದಿ ಸೀದಾ ಐತಿ," ಅಂದ್ಲು. "ಮೊದಲು ನೋಟರಿ ಮುಂದ ಅಫಿಡವಿಟ್. ಆಮ್ಯಾಲೆ ಪೇಪರಿನ್ಯಾಗ ಜಾಹೀರಾತು. ಆಮ್ಯಾಲೆ ಸರಕಾರದ ಗೆಜೆಟ್ಟು. ಗೆಜೆಟ್ಟಿನ್ಯಾಗ ಬಂತಂದ್ರ ಆಧಾರು, ಬ್ಯಾಂಕು ಎಲ್ಲಾ ಬದಲಾಗತಾವ."

ಮಗ ಮತ್ತ ರಾಗ ತಗದ, "ಜನಾ ಏನಂತಾರ ಅಂತ ಕೇಳಿದೆ ಬೇ."

"ಇಷ್ಟು ವರ್ಷ ಮಂದೀಗೆ ನಾನ ಅಂದೀನಿ," ಅಂದೆ. "ಒಂದ್ಸಲ ಅವರೂ ಅನ್ನಲಿ. ನೋಡೋಣು, ನನ್ನಷ್ಟು ಚಂದ ಅನ್ನಾಕ ಬರತೈತೋ ಇಲ್ಲೋ."

ಕರೀ ಕೋಟಿನಾಂವ

ಕೋರ್ಟಿನ ಹೊರಗ ಛತ್ರಿ ಕೆಳಗ ಒಂದು ಟೇಬಲ್ ಹಾಕ್ಕೊಂಡು ನೋಟರಿ ಕುಂತಿದ್ದ. ಯು.ಪಿ. ಕಡೆಯಾಂವ, ಕರೀ ಕೋಟು, ಬಾಯಾಗ ಎಲಿ. ಸೊಸಿ ರಜಾ ಹಾಕಿ ಬಂದಿದ್ಲು. ನಮ್ಮವರನ್ನೂ ಎಳಕೊಂಡು ಹೋಗಿದ್ದೆ, ನೀರಿನ ಬಾಟಲಿ ಹಿಡಿಯಾಕ ಯಾರರ ಬೇಕಲ್ಲ.

ನೋಟರಿ ಹಿಂದೀಯೊಳಗ ಕೇಳಿದ, "ಮಾಂಜೀ, ಹೆಣ್ಣಮಕ್ಕಳು ತವರಿನ ಹೆಸರು ತಗದು ಗಂಡನ ಮನೀದು ಹಾಕಿಸಾಕ ಬರತಾರ. ನೀವು ಉಲ್ಟಾ. ಡೈವೋರ್ಸ್ ಆಗೇತೇನು?"

"ಇಲ್ಲ. ಗಂಡ ಇಲ್ಲೇ ಅದಾನ," ಅಂತ ಬಾಟಲಿ ಕಡೆ ಕೈ ಮಾಡಿದೆ.

"ಮತ್ತ ಕಾರಣ ಏನು ಬರೀಲಿ?"

"ಈ ಹೆಸರು ಬ್ಯಾರೇದಾಕೀದು ಅಂತ ಬರಿ."

ಆಂವ ನಮ್ಮವರ ಮಾರಿ ನೋಡಿದ. ನಮ್ಮವರು ಬಾಟಲಿ ಮ್ಯಾಲಿನ ಅಕ್ಷರಾ ಓದಾಕ ಹತ್ತಿದ್ರು. ನೋಟರಿ ಶಾಣ್ಯಾ, "ಸ್ವಂತ ಇಚ್ಛಾದಿಂದ" ಅಂತ ಬರಕೊಂಡು ಮುಂದ ಹ್ವಾದ. "ಗಂಡನ ಹೆಸರು?"

ಇಲ್ಲಿ ನನ್ನ ನಾಲಿಗಿ ನಿಂತತು. ನಮ್ಮ ಕಡೆ ಗಂಡನ ಹೆಸರು ಬರೇ ಹೇಳೂದಿಲ್ಲ, ಒಡಪಿನ್ಯಾಗ ಕೂಡಿಸಿ ಹೇಳಬೇಕು. ಎಷ್ಟ ಸಿಟ್ಟಿದ್ದರೂ ಆ ರೂಢಿ ಬಿಡವಲ್ದು. ಸೆರಗ ಸರಿಮಾಡಿಕೊಂಡು ಹೇಳಿದೆ:

"ಹೋಳಿಗಿ ಮ್ಯಾಲೆ ತುಪ್ಪ, ಹಾಲಿನ ಮ್ಯಾಲೆ ಕೆನಿ ದಪ್ಪ,
ಬ್ಯಾರೇದಾಕಿ ಕೊಡಾ ತುಂಬಿದಾಂವ ನನ್ನ ಗಂಡ ಮಲ್ಲಪ್ಪ."

ಸೊಸಿ ಕರವಸ್ತ್ರ ಬಾಯಿಗೆ ಹಿಡಕೊಂಡ್ಲು. ನಮ್ಮವರು ಬಾಟಲಿ ಅಲ್ಲೇ ಇಟ್ಟು ನಾಕ ಹೆಜ್ಜಿ ದೂರ ಹೋಗಿ ನಿಂತರು. ಕನ್ನಡ ಗೊತ್ತಿಲ್ಲದ ನೋಟರಿ ಅಷ್ಟೂ ಕೇಳಿ, ಪೆನ್ನು ಎತ್ತಿ ಹಿಡಿದು, ಭಾಳ ಗೌರವದಿಂದ ಕೇಳಿದ, "ಇದರಾಗ ಸರ್‌ನೇಮ್ ಎಲ್ಲಿಂದ ಚಾಲೂ ಆಗತೈತಿ, ಮಾಂಜೀ?"

ಮನ್ಯಾಗ ಹೊಸಾ ಬಾಯಿ

ಪೇಪರಿನ್ಯಾಗ ಜಾಹೀರಾತು ಬಂತು. ಬೆರಳಿನಷ್ಟು ಜಾಗಾ. ನಮ್ಮ ವಿಳಾಸ, ಕುಸುಮಾ, ರುದ್ರವ್ವ, ಎರಡಕ್ಕೂ ಅದ ಅಡ್ಡಹೆಸರು. ನಮ್ಮ ಬಿಲ್ಡಿಂಗಿನವರು ಯಾವುದನ್ನೂ ಪೂರಾ ಓದೂ ಮಂದಿ ಅಲ್ಲ. ಮಧ್ಯಾಹ್ನದೊಳಗ ಸುದ್ದಿ ಎಲ್ಲಾ ಮಜಲಿ ಇಳದತ್ತು: ಮುದುಕ ರುದ್ರವ್ವ ಅನ್ನಾಕಿನ್ನ ತಂದು ಮನ್ಯಾಗ ಇಟ್ಟಾನಂತ.

ಮೊದಲು ಸೊಸೈಟಿ ಸೆಕ್ರೆಟರಿ ಬಂದ. ಬಾಗಲದಾಗ ನಿಂತು ಒಳಗ ಹಣಿಕಿ ಹಾಕಿ, ಮರಾಠಿ ಮಂದಿ ಹೆಂಗಸರಿಗೆ ಬಾಯಿ ಅಂತಾರಲ್ಲ, ಹಂಗ ಅಂದ, "ಆಜಿ, ನಿಮ್ಮ ಮನ್ಯಾಗ ಹೊಸಾ ಬಾಯಿ ಬಂದಾರಂತ. ಸೊಸೈಟಿಗೆ ತಿಳಸಬೇಕಾಗಿತ್ತು. ಪೊಲೀಸ್ ವೆರಿಫಿಕೇಶನ್ ಆಗೇತೇನು ಅವರದು?"

ಇಲ್ಲಪ್ಪಾ ಅದು ನಾನ ಅಂತ ಹೇಳಿದ್ದರ ಅಲ್ಲಿಗೆ ಮುಗೀತಿತ್ತು. ಆದರ ನನ್ನ ಮನೀ ಬಾಗಲಕ್ಕ ತಾನಾಗಿ ಬಂದ ಸುದ್ದೀನ್ನ ಹಂಗ ಕಳಸಾಕ ಮನಸಾಗಲಿಲ್ಲ.

"ಬಂದಾಳ," ಅಂದೆ. "ಭಾಳ ಬಾಯಿ ಜೋರು ಆಕೀದು. ನನಗಿಂತ ಮೊದಲಿನಾಕಿ."

ಆಮ್ಯಾಲೆ ಬಾಜೂ ಮನಿಯಾಕಿ ಬಂದು ನನ್ನ ಕೈ ಹಿಡಕೊಂಡು ಅತ್ತಳು. "ಸವತಿ ಸಂಗಾಟ ಹೆಂಗ ದಿನಾ ತಗೀತೀರಿ ಕಾಕೂ?"

"ಹೊಂದಿಕೊಂಡು ಅದೀವಿ," ಅಂದೆ. "ಒಂದ ಹಾಸಿಗ್ಯಾಗ ಮಲಗತೀವಿ."

ಗಂಡಸರು ನಮ್ಮವರನ್ನ ಲಿಫ್ಟಿನ್ಯಾಗ ಕಂಡರ ಮರ್ಯಾದಿಲೆ ಜಾಗಾ ಬಿಡಾಕ ಹತ್ತಿದ್ರು. ಸೊಸಿ ಸಿಟ್ಟಿಗೆದ್ದು ಖರೇ ಮಾತು ಬಿಲ್ಡಿಂಗಿನ ವಾಟ್ಸಾಪಿನ್ಯಾಗ ಹಾಕಬೇಕಾತು. ಎಲ್ಲಾರೂ ನಕ್ಕರು. ಬ್ಯಾಸರ ಮಾಡಿಕೊಂಡವರು ನಮ್ಮವರೊಬ್ಬರ. ಅಷ್ಟರಾಗ ಅವರು ಹೊಸಾ ಬಾಚಣಿಕಿ ಕೊಂಡಿದ್ರು.

ಹಳೇಯಾಕಿ ಸಹಿ

ಗೆಜೆಟ್ಟಿನ್ಯಾಗ ಹೆಸರು ಬಂತು. ಸೊಸಿ ಪ್ರಿಂಟ್ ತಗದು ಕೈಯಾಗ ಕೊಟ್ಲು. ರುದ್ರವ್ವ ಅನ್ನೂ ಜಾಗಾಕ್ಕ ಬೆರಳು ಇಡಿಸಿದ್ಲು. ಅಲ್ಲೇ ಒಂದಿಷ್ಟು ಹೊತ್ತು ಬೆರಳು ಇಟ್ಟಕೊಂಡು ಕುಂತೆ, ಅಷ್ಟ.

ಅದನ್ನ ತಗೊಂಡು ಬ್ಯಾಂಕಿಗೆ ಹೋದೆ. ಗಾಜಿನ ಹಿಂದಿನ ಹುಡುಗಿ ಎಲ್ಲಾ ನೋಡಿ ಅಂದ್ಲು, "ಕಾಗದಾ ಬರೋಬ್ಬರಿ ಅದಾವ ಆಜಿ. ಖರೇ, ಖಾತೆ ಕುಸುಮಾ ಅವರದು. ಅವರ ಸಹಿ ಬೇಕು. ಅವರನ್ನ ಕರಕೊಂಡು ಬರ್ರಿ."

"ಆಕಿ ಬರೂದಿಲ್ಲವಾ."

"ಯಾಕ, ಆರಾಮಿಲ್ಲೇನು?"

"ಆರಾಮ ಅದಾಳ. ನಾನ ಬಿಟ್ಟೀನಿ ಆಕಿನ್ನ."

ಹುಡುಗಿ ಕಣ್ಣು ಪಿಳಿಪಿಳಿ ಮಾಡಿ, ಒಳಗ ಸಾಹೇಬರನ್ನ ಕೇಳಿ ಬಂದು, ಧ್ವನಿ ಸಣ್ಣದು ಮಾಡಿ ಅಂದ್ಲು, "ಹಂಗಾರ ನಿಮ್ಮಿಬ್ಬರ ನಡುವ ಏನರ ತಕರಾರು ಐತೇನು?"

ವಿಕ್ರೋಳಿಯಿಂದ ಬಂದಾಕಿ

ಇದಾಗಿ ಸ್ವಲ್ಪ ದಿವಸಕ್ಕ ಬಾಗಲಾ ಬಡದ್ರು. ನನ್ನ ವಯಸ್ಸಿನ ಹೆಣ್ಣಮಗಳು, ನೀಟಾದ ಸೀರಿ, ಮೊಳಕಾಲು ನೋವು. ಉಸರ ಬಿಡಕೋತ ಅಂದ್ಲು, "ವಿಕ್ರೋಳಿಯಿಂದ ಬಂದೀನ್ರಿ. ನಮ್ಮ ಹಳೇ ಚಾಳಿನ ಅಕ್ಕಾ ಪೇಪರಿನ್ಯಾಗ ನೋಡಿ ಹೇಳಿದ್ಲು, ನೀವು ಕುಸುಮಾ ಅನ್ನೂ ಹೆಸರು ಬಿಟ್ಟೀರಂತ. ನನ್ನ ತವರಿನ ಹೆಸರೂ ಕುಸುಮಾನರೀ."

ಜಿಲೇಬಿ ಮುದುಕಿ ಕೆಲಸ. ನನ್ನಂಥಾಕಿ ಇನ್ನೊಬ್ಬಾಕಿ ಅದಾಳಂತ ಅವತ್ತು ಗೊತ್ತಾತು.

ಒಳಗ ನಮ್ಮವರು ಪೇಪರ್ ಓದಾಕ ಹತ್ತಿದ್ರು. ಧ್ವನಿ ಕೇಳಿದ್ದ, ಪೇಪರ್ ಒಗದು ಕ್ವಾಣಿಗೆ ಹೋಗಿ ಬಾಗಲಾ ಹಾಕ್ಕೊಂಡ್ರು. ನಾನು ಆಕೀಗೆ ಹೇಳಾಕ ವರ್ಷದ ಮಾತು ಕೂಡಿಸಿ ಇಟ್ಟಿದ್ದೆ. ಚಾ ಕೊಟ್ಟು, ಕುಂತು, ಬಾಯಿ ತಗದೆ. ಆಕೀನ ಮೊದಲು ಅಂದ್ಲು:

"ನನ್ನ ಲಗ್ನದಾಗ ನಮ್ಮ ಮನಿಯವರು ಅಕ್ಕ್ಯಾಗ ಗಿರಿಜಾ ಅಂತ ಬರದಬಿಟ್ರರಿ. ಅವರು ಹೋಗಿ ಭಾಳ ದಿನಾ ಆತು. ಈಗ ನಂದು ನನಗ ಬೇಕು. ಮಕ್ಕಳು ಬ್ಯಾಡಂತಾರ. ನೀವು ಹೆಂಗ ಮಾಡಿದ್ರಿ ಹೇಳ್ರಿ, ನಾನೂ ಹಂಗ ಮಾಡತೀನಿ."

ಕೂಡಿಸಿಟ್ಟ ಮಾತೆಲ್ಲಾ ಬದಿಗಿಟ್ಟೆ. ಆಕಿ ಹೆಸರು ನನ್ನ ಹತ್ರ ಇತ್ತು, ಆಕಿ ಹತ್ರ ಇನ್ಯಾರದೋ. ಅಫಿಡವಿಟ್ಟಿನಿಂದ ಹಿಡಿದು ಗೆಜೆಟ್ಟಿನ ತನಕ ಎಲ್ಲಾ ಹೇಳಿದೆ. "ನೋಟರಿಗೆ ಹೆದರಬ್ಯಾಡ್ರಿ, ಬ್ಯಾಂಕಿನವರಿಗೂ ಹೆದರಬ್ಯಾಡ್ರಿ. ಮಕ್ಕಳು ಜಾಸ್ತಿ ಮಾಡಿದ್ರ ನನಗ ಫೋನ್ ಮಾಡ್ರಿ, ನಾನ ವಿಕ್ರೋಳಿಗೆ ಬರತೀನಿ," ಅಂದೆ. ಕಡೀಕ ತಡಕೊಳ್ಳಾಕಾಗದ ಕೇಳಿದೆ, "ನಿಮ್ಮ ಮನೀಗೆ ನೀರು ತುಂಬಿಸ್ತಿದ್ದಾಂವ ನೆನಪದಾನೇನ್ರಿ?"

ಆಕಿ ಪಾಪ ಖರೇನ ನೆನಸಾಕ ನೋಡಿದ್ಲು. "ಯಾರಂತ ಹೇಳಲಿ? ನಮ್ಮವ್ವಗ ಸೊಂಟ ನೋವು, ಚಾಳಿನ ಹುಡುಗರೆಲ್ಲಾ ತುಂಬಿಸ್ತಿದ್ರು. ಸಾಲು ಹಚ್ಚಿ ನಿಂದರತಿದ್ರು ಅವರು."

ಅಷ್ಟರಾಗ ಕ್ವಾಣಿ ಬಾಗಲಾ ತಗೀತು. ನಮ್ಮವರು ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕ್ಕೊಂಡು, ಮಾರಿಗೆ ಪೌಡರ್ ಹಚ್ಚಿಕೊಂಡು ಬಂದು ನಡುಮನ್ಯಾಗ ನಿಂತರು. "ಆರಾಮೇನು ಕುಸುಮಾ?" ಅಂದ್ರು. ಅಷ್ಟು ಮೆತ್ತಗ ಅವರು ಆ ಹೆಸರು ಹೇಳಿದ್ದು ನಾನು ಈ ಜನ್ಮದಾಗ ಕೇಳಿರಲಿಲ್ಲ.

ಆಕಿ ಪಟ್ಟನ ಎದ್ದು, ತಲಿ ಮ್ಯಾಲೆ ಸೆರಗು ಹೊತಗೊಂಡು, ಬಗ್ಗಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ್ಲು. ಆಮ್ಯಾಲೆ ನನ್ನ ಕಿವ್ಯಾಗ ಕೇಳಿದ್ಲು, "ಇವರು ನಿಮ್ಮ ಮಾವನವರೇನ್ರಿ?"

"ಹೌದ್ರಿ," ಅಂದೆ, ನಮ್ಮವರಿಗೂ ಕೇಳಸೂಹಂಗ. "ವಯಸ್ಸಾಗೇತಿ. ಯಾರ್ಯಾರನ್ನೋ ಯಾರ್ಯಾರ ಹೆಸರು ಹಿಡಿದೋ ಕರೀತಾರ. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ, ಚಾ ಕುಡೀರಿ."