ಸೋಲಾರಿನವರೂ ನಮ್ಮನೆ ಕನ್ನಡವೂ

ಮನೆಗೆ ಯಾವ ಕೆಲಸದವರನ್ನು ಕರೆಸಿದರೂ ನನಗೆ ಏನಾದರೊಂದು ಆಗಿಯೇ ಆಗುತ್ತದೆ. ಪ್ಲಂಬರ್ ಬಂದರೂ ಅಷ್ಟೆ, ಪೇಂಟರ್ ಬಂದರೂ ಅಷ್ಟೆ. ಕ್ರೋಂಪೇಟೆಯ ನಮ್ಮ ಮನೆಗೆ ಸೋಲಾರ್ ಹಾಕಿಸೋಣ ಅಂತ ಹೊರಟೆ ನೋಡಿ, ನಂಬಿಕಸ್ಥ ಕಂಟ್ರಾಕ್ಟರ್ ಒಬ್ಬ ಸಿಗುವಷ್ಟರಲ್ಲಿ ಸಾಕೋ ಸಾಕಾಯಿತು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಬೇಕಾಗಿದ್ದದ್ದು ಸೋಲಾರ್ ಒಂದೇ ಅಲ್ಲ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಈ ಮನೆಯಲ್ಲಿ ಕನ್ನಡ ಆಡುವವಳು ನಾನೊಬ್ಬಳೇ. ಮಗಳು ಈ ತಮಿಳು ಊರಲ್ಲೇ ಹುಟ್ಟಿ ಇಲ್ಲೇ ಓದಿದವಳು. ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಊಟ ಆಯ್ತೇನೇ ಪುಟ್ಟಿ?" ಅಂದರೆ "ಸಾಪ್ಟೇನ್ ಮಾ" ಅಂತಾಳೆ. ಅಪ್ಪನ ಜೊತೆ ಮಾತ್ರ ಕನ್ನಡ ಆಡುತ್ತಿದ್ದಳು. ಅವರು ಹೋದ ಮೇಲೆ ಅದೂ ನಿಂತುಹೋಯಿತು. ಅವಳ ಬಾಯಲ್ಲಿ ಒಂದೇ ಒಂದು ಕನ್ನಡ ಮಾತು ಕೇಳಬೇಕು ಅಂತ ನನ್ನ ಜೀವ ಹಾತೊರೆಯುತ್ತಿತ್ತು. ಆಡು ಅಂದರೆ ಆಡಿಯಾಳು. ಆದರೆ ಅದು ಹಾಗೆ ಕೇಳಿ ಪಡೆಯುವಂಥದ್ದಲ್ಲವಲ್ಲ.

ಮೊಟ್ಟ ಮಾಡಿ

ಮೊದಲ ಕಂಟ್ರಾಕ್ಟರ್ ಬಂದ ದಿನ ಮೈಸೂರಿನಿಂದ ನಮ್ಮ ದೊಡ್ಡಮ್ಮ ಬಂದಿದ್ದರು. ತುಂಬಾ ಮಡಿಯ ಹೆಂಗಸು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ದೊಡ್ಡಮ್ಮನಿಗೆ ಕೈಮುಗಿದು, "ಅಮ್ಮಾ, ಮೊಟ್ಟ ಮಾಡಿ ಪಾಕ್ಕಲಾಮಾ?" ಅಂದ. ಪಾಪ, ತಮಿಳಿನಲ್ಲಿ ತಾರಸಿಗೆ ಹಾಗೇ ಅನ್ನೋದು. ತಾರಸಿ ನೋಡಬಹುದಾ ಅಂತ ಕೇಳಿದ, ಅಷ್ಟೆ.

ದೊಡ್ಡಮ್ಮ ದಡಕ್ಕನೆ ಎದ್ದರು. "ಮೊಟ್ಟೆ ಮಾಡಬೇಕಂತೆ! ಅದೂ ಏಕಾದಶಿ ದಿನ! ಮನೆಯೊಳಗೆ ಕಾಲಿಡ್ತಿದ್ದ ಹಾಗೇ ಹೇಗೆ ಬಾಯಿ ಬಂತೇ ಇವನಿಗೆ?"

ಮಗಳು ಸೋಫಾ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳಾಡಿದಳು. ನಾನು ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ಆಸಾಮಿ ಗೇಟು ದಾಟಿದ್ದ. ಸಂಜೆ ಮೆಸೇಜು ಬಂತು: ಮನೆಯಲ್ಲಿ ಹಿರಿಯರಿಗೆ ಸೋಲಾರ್ ಇಷ್ಟವಿಲ್ಲದಿದ್ದರೆ ನಾವು ಯಾರನ್ನೂ ಬಲವಂತ ಮಾಡುವುದಿಲ್ಲ.

ಕನ್ನಡ ಬಲ್ಲವನು

ಎರಡನೆಯವನು ಫೋನಿನಲ್ಲೇ, "ಬೆಂಗಳೂರಿನಲ್ಲಿ ಕೆಲಸ ಮಾಡಿದ್ದೇನೆ ಮೇಡಂ, ಕನ್ನಡ ಗೊತ್ತು" ಅಂತ ಇಂಗ್ಲಿಷಿನಲ್ಲಿ ಹೇಳಿದ. ಅಷ್ಟಕ್ಕೇ ಹಿಗ್ಗಿಹೋದೆ. ಆಫೀಸಿಗೆ ರಜೆ ಹಾಕಿ ಉಪ್ಪಿಟ್ಟು, ಕೇಸರಿಬಾತು ಮಾಡಿದೆ. ಅವನು ತಿನ್ನುತ್ತಾ ಕೂತ, ನಾನು ಎಷ್ಟೋ ತಿಂಗಳ ಮಾತೆಲ್ಲ ಸುರಿದೆ. ಅವನು ತಲೆ ಆಡಿಸಿದ್ದೇ ಆಡಿಸಿದ್ದು.

ಕೊನೆಗೆ ವ್ಯವಹಾರಕ್ಕೆ ಬಂದು, "ಗ್ಯಾರಂಟಿ ಉಂಟೇನಪ್ಪಾ?" ಅಂದೆ.

"ಸ್ವಲ್ಪ ಅಡ್ಜಸ್ಟ್ ಮಾಡಿ" ಅಂದ.

"ಬಿರುಗಾಳಿಗೆ ಪ್ಯಾನೆಲ್ ಹಾರಿಹೋದರೆ?"

"ಸ್ವಲ್ಪ ಅಡ್ಜಸ್ಟ್ ಮಾಡಿ."

"ಕೆಟ್ಟುಹೋದಾಗ ಫೋನ್ ಮಾಡಿದರೆ ಬರ್ತೀರಾ?"

"ಸ್ವಲ್ಪ ಅಡ್ಜಸ್ಟ್ ಮಾಡಿ."

ಅವನಿಗೆ ಬರುತ್ತಿದ್ದ ಕನ್ನಡ ಅದೊಂದೇ. ಆದರೂ ಪ್ರಾಮಾಣಿಕ ಮನುಷ್ಯ ಅನ್ನಬೇಕು. ಅವನಿಗೆ ಕೆಲಸ ಕೊಟ್ಟಿದ್ದರೆ ಮುಂದೆ ನಾನು ಮಾಡಬೇಕಾಗಿದ್ದದ್ದೂ ಅದೇ ತಾನೆ?

ಗುಟ್ಟಿನ ಮಾತು

ಮೂರನೆಯವನು ಮಾತಿನ ಮಲ್ಲ. ಪಕ್ಕದ ಮನೆ ನೆರಳು ಬಿದ್ದರೂ ಪರವಾಗಿಲ್ಲವಂತೆ, ಮೋಡ ಮುಚ್ಚಿಕೊಂಡರೆ ಕರೆಂಟು ಇನ್ನೂ ಜಾಸ್ತಿ ಬರುತ್ತದಂತೆ. ನಾನು ಹೂಂಗುಟ್ಟುತ್ತಿದ್ದೆ. ಮಗಳು ಚಡಪಡಿಸಿದಳು. ನನ್ನನ್ನು ಎಚ್ಚರಿಸಬೇಕು, ಆದರೆ ಅವನಿಗೆ ತಮಿಳೂ ಬರುತ್ತೆ, ಇಂಗ್ಲಿಷೂ ಬರುತ್ತೆ. ಬೇರೆ ದಾರಿ ಕಾಣದೆ ನನ್ನ ಕಡೆ ಬಾಗಿದಳು.

"ಅಮ್ಮಾ, ಈ ಯಪ್ಪ ಬರೀ ಬುರುಡೆ ಬಿಡ್ತಿದಾನೆ. ಒಪ್ಕೋಬೇಡ."

ಕನ್ನಡ! ಅದೇ ಧಾಟಿ, ಥೇಟ್ ಅವರಪ್ಪನದೇ. "ಏನಂದೆ? ಕೇಳಿಸಲಿಲ್ಲ" ಅಂದೆ.

"ಬುರುಡೆ ಅಂದೆ ಅಮ್ಮಾ!"

"ಇನ್ನೊಂದು ಸಲ ಹೇಳೇ."

"ನಿನ್ನ ಕಿವಿಗೇನಾಗಿದೆ?"

ಅದೂ ಕನ್ನಡವೇ! ನನ್ನ ಕಣ್ಣಲ್ಲಿ ದಳದಳ ನೀರು. ಕಂಟ್ರಾಕ್ಟರ್ ಗಾಬರಿಯಾಗಿ ನೀರಿನ ಲೋಟ ನನ್ನ ಕಡೆ ತಳ್ಳಿ, "ಅಳಬೇಡಿ ಅಮ್ಮಾ, ಸಬ್ಸಿಡಿ ಖಂಡಿತ ಬರುತ್ತೆ" ಅಂತ ತಮಿಳಿನಲ್ಲಿ ಸಮಾಧಾನ ಮಾಡಿದ.

ಹೊಟ್ಟೆಯ ವಿಷಯ

ಆಮೇಲೆ ನನಗೆ ಚಟವೇ ಹತ್ತಿತು. ಒಬ್ಬರಾದ ಮೇಲೊಬ್ಬರನ್ನು ಕರೆಸಿದೆ. ಸುತ್ತಮುತ್ತ ಸೋಲಾರ್ ಹಾಕುವವರೆಲ್ಲ ನಮ್ಮನೆ ಕಾಫಿ ಕುಡಿದರು. ಅವರು ಬಾಯಿ ಬಿಟ್ಟರೆ ಮಗಳು ನನ್ನ ಕಿವಿಯಲ್ಲಿ ಕನ್ನಡ. ಅವರು ಹೋದರೆ ಮತ್ತೆ ಅದೇ ತಮಿಳು, "ಎನ್ನ ಮಾ?"

ಹೀಗೇ ಒಬ್ಬರು ದಪ್ಪನೆಯ ಕಂಟ್ರಾಕ್ಟರ್ ಬಂದರು. ತಾರಸಿ ಹತ್ತಿ ಎಲ್ಲಾ ನೋಡಿಕೊಂಡು ಬಂದು, ಟ್ಯಾಂಕಿನ ನೆರಳು ಬೀಳುವ ಕಡೆ ಪ್ಯಾನೆಲ್ ಬೇಡ, ನೀವು ಕೇಳಿದ್ದಕ್ಕಿಂತ ಕಡಿಮೆಯೇ ಸಾಕು, ನಾನು ಮುಂಚೆ ಹಾಕಿಕೊಟ್ಟ ಮನೆಗಳಿಗೆ ಹೋಗಿ ವಿಚಾರಿಸಿ ಅಂತೆಲ್ಲ ತಮಿಳಿನಲ್ಲಿ ಹೇಳಿದರು. ಮಗಳು ಪಿಸುಗುಟ್ಟಿದಳು:

"ಮನುಷ್ಯ ಒಳ್ಳೆಯವನ ಹಾಗೆ ಕಾಣ್ತಾನಮ್ಮ. ಆದ್ರೆ ಆ ಹೊಟ್ಟೆ ನೋಡು. ಅವನೊಬ್ಬ ಮೇಲೆ ನಿಂತ್ರೆ ಪ್ಯಾನೆಲ್ಲಿಗೆ ಬಿಸಿಲೇ ಬೀಳಲ್ಲ."

ಅವರು ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಅದಕ್ಕೇ ತಾಯಿ, ಪ್ಯಾನೆಲ್ ಕೂರಿಸಿದ ಮೇಲೆ ನಾನು ಮೇಲಕ್ಕೆ ಹತ್ತೋದೇ ಇಲ್ಲ. ನಮ್ಮದು ಹೊಸೂರು ಕಡೆ. ಮನೇಲಿ ಕನ್ನಡನೇ."

ಮಗಳ ಮುಖ ಕೆಂಪಗಾಯಿತು. "ಸಾರಿ ಅಂಕಲ್, ತೆರಿಯಾಮ ಸೊಲ್ಲಿಟ್ಟೇನ್" ಅಂದಳು, ಗೊತ್ತಿಲ್ಲದೆ ಅಂದುಬಿಟ್ಟೆ ಅಂತ.

"ಬೈಯೋವಾಗ ಕನ್ನಡ, ಸಾರಿ ಕೇಳೋವಾಗ ತಮಿಳಾ? ಅದೆಲ್ಲ ಆಗಲ್ಲ. ನಾನಿಲ್ಲಿ ಕೆಲಸ ಮಾಡೋದಾದ್ರೆ, ಮುಗಿಯೋವರೆಗೂ ನೀನು ಕನ್ನಡದಲ್ಲೇ ಮಾತಾಡಬೇಕು. ಅದೇ ನಿಂಗೆ ಶಿಕ್ಷೆ."

"ಆಯ್ತು ಅಂಕಲ್. ತಪ್ಪಾಯ್ತು" ಅಂದಳು.

"ಕೆಲಸ ನಿಮಗೇ!" ಅಂದೆ ನಾನು. ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಸಂತೋಷ ಕಣಮ್ಮಾ. ಈ ವಾರದಲ್ಲೇ ಮುಗಿಸಿಕೊಟ್ಟುಬಿಡ್ತೀನಿ."

"ಅಯ್ಯೋ, ಬೇಡಪ್ಪಾ!" ನನಗೇ ಗೊತ್ತಿಲ್ಲದೆ ಕೂಗಿಬಿಟ್ಟೆ. "ಅಷ್ಟೇನು ಅವಸರ? ನಿಧಾನಕ್ಕೆ ಮಾಡಿ. ಆದಷ್ಟೂ ತಡ ಮಾಡಿ."

ಅವರು ಕಣ್ಣು ಕಣ್ಣು ಬಿಟ್ಟು ಮಗಳ ಕಡೆ ತಿರುಗಿದರು. "ಕಂಟ್ರಾಕ್ಟರ್ ಆದಾಗಿನಿಂದ ಈ ಮಾತು ಯಾರ ಬಾಯಲ್ಲೂ ಕೇಳಿಲ್ಲ. ಏನು ತಾಯಿ, ಅಮ್ಮ ಹುಷಾರಾಗಿದ್ದಾರಾ?"

ಮಗಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಂದು ನನ್ನ ಪಕ್ಕ ಒತ್ತಿಕೊಂಡು ಕೂತಳು.

"ಹುಷಾರಾಗಿದ್ದಾರೆ ಅಂಕಲ್. ನೀವು ಬೇಗ ಮುಗಿಸಿ ಹೋಗಿ, ಪರವಾಗಿಲ್ಲ" ಅಂದಳು. "ನಾನಂತೂ ಇಲ್ಲೇ ಇರ್ತೀನಲ್ಲಾ, ಮಾತಾಡೋಕೆ."