ನಮ್ಮ ಹೈಸ್ಕೂಲಿನ ಗಿಲಕಿ ಭೂಗೋಳ

ಬೇರೆ ಮೇಷ್ಟ್ರುಗಳ ತರಗತಿಯಲ್ಲಿ ಪಾಠ ನಡೆಯುತ್ತದೆ; ನನ್ನದರಲ್ಲಿ ಏನಾದರೊಂದು ನಡೆದು, ಹೊತ್ತು ಉಳಿದರೆ ಪಾಠ. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ನಾನು ಚರಿತ್ರೆ, ಭೂಗೋಳ, ಪೌರನೀತಿ ಮೂರಕ್ಕೂ ಒಬ್ಬನೇ ಮೇಷ್ಟ್ರು. ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಯಾವ ಮುಕ್ಕಾಲು ಎಂದು ನನ್ನ ಹೆಂಡತಿಯನ್ನು ಮಾತ್ರ ಕೇಳಬೇಡಿ.

ಆ ವರ್ಷ ಮೇಲಿನ ತರಗತಿಯ ಹುಡುಗರು ಐಚ್ಛಿಕ ವಿಷಯವನ್ನು ತಾವೇ ಆರಿಸಿಕೊಳ್ಳಬಹುದು ಎಂದಾಯಿತು. ಎಲ್ಲರೂ ಗುಮಾಸ್ತಗಿರಿಯ ಆಸೆಗೆ ಗಣಿತದ ಕಡೆ ಓಡಿದರು. ನನ್ನ ಕೊಠಡಿಯಲ್ಲಿ ಉಳಿದದ್ದು ನಾನು, ಕರಿಹಲಗೆ, ಹಲಗೆಯ ಹಿಂದೊಂದು ಹಲ್ಲಿ. ಹೆಡ್‌ಮಾಸ್ಟರು ಕರೆಸಿ, "ಇನ್‌ಸ್ಪೆಕ್ಟರು ಬರೋ ಹೊತ್ತಿಗೆ ಬೆಂಚು ತುಂಬಿ, ಪಾಠ ಅವರಿಗೆ ಒಪ್ಪಿಗೆ ಆಗಬೇಕು. ಇಲ್ಲದಿದ್ದರೆ ನಿಮ್ಮ ಐಚ್ಛಿಕ ರದ್ದು. ನೀವು ಪಕ್ಕದ ಕಟ್ಟಡದಲ್ಲಿ ಚಿಕ್ಕ ಮಕ್ಕಳಿಗೆ ಅ ಆ ತಿದ್ದಿಸಿಕೊಂಡಿರಿ" ಎಂದರು. ಮೂಗು ಸೋರಿಸುವ ಆ ಸೈನ್ಯದ ಎದುರು ನಿಲ್ಲುವಷ್ಟು ಧೈರ್ಯ ನನ್ನ ವಂಶದಲ್ಲೇ ಇಲ್ಲ.

ಬೆಂಚು ತುಂಬಿಸಿದ್ದು

ಮರುದಿನವೇ ಮಾಗಡಿ ಕಡೆಯ ಗುಡೇಮಾರನಹಳ್ಳಿಯ ಗೌಡರೊಬ್ಬರು ಮಗನನ್ನು ಗಣಿತಕ್ಕೆ ಸೇರಿಸಲು ಬಂದರು. ಬಾಗಿಲಲ್ಲೇ ಅಡ್ಡಹಾಕಿ, ಚರಿತ್ರೆ ಓದಿಸಿ ಎಂದೆ.

"ಚರಿತ್ರೆ ಅಂದ್ರೇನ್ ಸ್ವಾಮಿ?"

ಹಿಂದೆ ಆಳಿ ಸತ್ತುಹೋದವರ ವಿಚಾರ ಎಂದೆ.

"ಅದ್ನ ನಮ್ಮತ್ತೆ ದಿನಾ ಏಳ್ತಾ ಅವ್ಳೆ. ಆಳಿದ್ದೂ ಅವ್ಳೇ. ಒಸಿ ಬದುಕಿರೋರ ವಿಚಾರ ಏನಾರ ಐತಾ?"

ಕೂಡಲೇ ದಾರಿ ಬದಲಿಸಿದೆ. ಪೌರನೀತಿ ಎಂದು ಇನ್ನೊಂದಿದೆ, ಅದನ್ನು ಓದಿದವನು ಕಂದಾಯ ವಸೂಲಿಗೆ ಬರುವ ಶೇಕದಾರರ ಎದುರು ಕೈಕಟ್ಟದೆ ನಿಂತು ಮಾತಾಡುತ್ತಾನೆ ಎಂದು ಬಿಟ್ಟೆ. ಗೌಡರು ಎರಡು ಸಲ ಮೀಸೆ ತಿರುವಿ ಮಗನ ಹೆಸರು ಬರೆಸಿದರು. ಸುದ್ದಿ ಸಂತೆಯಲ್ಲಿ ಹಬ್ಬಿತು. ವಾರದೊಳಗೆ ಕನಕಪುರ, ಬಂಡೆಬೆಟ್ಟಗಳ ಕ್ಲೋಸ್‌ಪೇಟೆ ಕಡೆಯಿಂದೆಲ್ಲ ಹುಡುಗರು ಬಂದು ಬೆಂಚು ತುಂಬಿತು.

ಹಿಂದಿನ ಬೆಂಚೂ ತುಂಬಿತ್ತು. ಅಲ್ಲಿ ಗೌಡರು ಕೂತಿದ್ದರು. "ಶೇಕದಾರ್ರು ಬರೋದು ನನ್ ತಾವ, ಮಗನ್ ತಾವ ಅಲ್ಲ" ಎಂದರು.

ದಿವಾನರ ದರ್ಬಾರು

ಪೌರನೀತಿಯನ್ನು ಬಾಯಲ್ಲಿ ಹೇಳಿದರೆ ಹುಡುಗರು ನಿದ್ದೆ ಹೋಗುತ್ತಿದ್ದರು. ಹಾಗಾಗಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನೇ ತರಗತಿಯಲ್ಲಿ ಆಡಿಸಿದೆ. ರುಮಾಲು ಬಿಗಿಯಾಗಿ ಸುತ್ತಿ ನಾನೇ ದಿವಾನನಾದೆ. ಹುಡುಗರು ತಾಲ್ಲೂಕಿಗೊಬ್ಬರಂತೆ ಪ್ರತಿನಿಧಿಗಳು. ಕನಕಪುರದವನು ಬೆತ್ತದ ಉದ್ದ ಕಡಿಮೆ ಮಾಡಬೇಕೆಂದ. ಮಾಗಡಿಯವನು ಬೆತ್ತವನ್ನೇ ಗಣಿತದ ಕೊಠಡಿಗೆ ವರ್ಗ ಮಾಡಬೇಕೆಂದ. ಎಲ್ಲರೂ ಬೆಂಚು ಬಡಿದರು.

ಗದ್ದಲ ಕೇಳಿ ಹೆಡ್‌ಮಾಸ್ಟರು ಕೆಂಪಗಾಗಿ ನುಗ್ಗಿದರು. ಬಾಗಿಲಲ್ಲಿದ್ದ ಗೌಡರ ಮಗ ಕೈ ಅಡ್ಡ ಹಿಡಿದು, "ಚನ್ನಪಟ್ಟಣದ ಸರದಿ ಇನ್ನೂ ಬಂದಿಲ್ಲ ಸಾರ್, ಕೂತ್ಕಳಿ" ಎಂದ. ಅವರು ಏನೂ ತೋಚದೆ ಕೂತೇಬಿಟ್ಟರು. ಸರದಿ ಬರುವಷ್ಟರಲ್ಲಿ ಸಿಟ್ಟು ಆರಿ, ತಾವು ಬಂದ ಕಾರಣವೂ ಮರೆತಿತ್ತು. ಎದ್ದು ನಿಂತು, ತಮ್ಮ ಕುರ್ಚಿಯಲ್ಲಿ ತಿಗಣೆ ಹೆಚ್ಚಾಗಿದೆ, ಬೇರೆ ಕುರ್ಚಿ ಮಂಜೂರಾಗಬೇಕು ಎಂದು ಅರಿಕೆ ಮಾಡಿಕೊಂಡರು.

"ಪರಿಶೀಲಿಸಲಾಗುವುದು" ಎಂದೆ.

ಹೊರಗೆ ಹೋಗುವಾಗ ಅವರು, "ಪಾಠ ಸರಿಯಾಗೇ ಮಾಡ್ತಿದ್ದೀರಿ. ಕುರ್ಚಿ ಕೇಳಿದಾಗ ಇಲಾಖೆಯವರೂ ಇದನ್ನೇ ಹೇಳಿದ್ದು" ಎಂದರು.

ಅರಗಿನ ಭೂಮಿ

ಭೂಗೋಳ ಕಲಿಸಲು ಗೋಳವಿರಲಿಲ್ಲ. ಇನ್‌ಸ್ಪೆಕ್ಟರು ಅದನ್ನೇ ಮೊದಲು ಕೇಳುತ್ತಾರೆಂದು ಗೊತ್ತಿತ್ತು. ನಮ್ಮೂರಲ್ಲಿ ಮರದ್ದೇನು ಬೇಕಾದರೂ ಸಿಗುತ್ತದಲ್ಲ, ಬೊಂಬೆ ಮಾಡುವ ಸಾಬರ ಬಳಿ ಹೋಗಿ ಕುಂಬಳಕಾಯಿ ಗಾತ್ರದ ಭೂಮಿ ಮಾಡಿಕೊಡಿ ಎಂದೆ.

"ಫಿಕರ್ ಮಾಡ್ಬೇಡಿ ಮೇಷ್ಟ್ರೇ" ಎಂದರು.

ಹೇಳಿದ ದಿನ ಹೋದರೆ ಭೂಮಿ ಫಳಫಳ ಹೊಳೆಯುತ್ತಿತ್ತು. ಆದರೆ ಸುತ್ತಲೂ ಬರೀ ಪಟ್ಟೆ. ನಡುವೆ ಕೆಂಪು, ಆಚೀಚೆ ಹಸಿರು, ಮೇಲೆ ಕೆಳಗೆ ಬಿಳಿ. ಇಂಡಿಯಾ ಎಲ್ಲಿ ಸಾಬರೇ ಎಂದೆ. ಅವರು ನನ್ನನ್ನು ಮರುಕದಿಂದ ನೋಡಿದರು. ಮರವನ್ನು ಗರಗರ ತಿರುಗಿಸಿ ಅರಗಿನ ಕಡ್ಡಿ ಒತ್ತಿದರೆ ಬಣ್ಣ ಪಟ್ಟೆಯಾಗಿಯೇ ಬರುವುದು, ಬೇರೆ ಹೇಗೂ ಬಾರದು ಎಂದರು.

"ಭೂಮಿ ತಿರುಗ್ತೈತೆ ಅಂತ ನೀವೇ ಏಳ್ತೀರಿ. ತಿರುಗೋದರ ಮೇಲೆ ಇಂಡಿಯಾ ಒಂದೇ ಕಡೆ ಎಂಗೆ ನಿಲ್ತದೆ?"

ಎತ್ತಿಕೊಂಡೆ. ಒಳಗೆ ಗಿಲಿಗಿಲಿ ಎಂದಿತು. ಮಕ್ಕಳ ಸಾಮಾನು ಅಂದಮೇಲೆ ಕಲ್ಲು ಹಾಕದೆ ಮುಚ್ಚುವುದು ಅವರ ಮನೆತನದಲ್ಲೇ ಇಲ್ಲವಂತೆ. ಬೇರೆ ಮಾಡಿಸಲು ಹೊತ್ತಿರಲಿಲ್ಲ. ಇನ್‌ಸ್ಪೆಕ್ಟರು ಆಗಲೇ ರೈಲಿನಿಂದ ಇಳಿದಿದ್ದರು.

ಇನ್‌ಸ್ಪೆಕ್ಟರ ಭೇಟಿ

ಅವರು ಬಂದವರೇ ಗೋಳವನ್ನು ನೋಡಿ ಹುಬ್ಬೇರಿಸಿದರು. "ಏನಿದು ಪಟ್ಟೆ?"

ನನ್ನ ಕಣ್ಣ ಮುಂದೆ ಅ ಆ ಇ ಈ ಕುಣಿಯತೊಡಗಿತು. ಗೌಡರ ಮಗ ಎದ್ದು ನಿಂತ. "ಹವಾಗುಣ ಸಾರ್. ಕೆಂಪು ಅಂದ್ರೆ ಸೆಕೆ, ಹಸಿರು ಅಂದ್ರೆ ಹಿತ, ಬಿಳೀದು ಮಂಜು." ಇನ್‌ಸ್ಪೆಕ್ಟರು ತಲೆದೂಗಿದರು. ನನಗೆ ಪ್ರಾಣ ಬಂತು. ಬಂದ ಪ್ರಾಣ ಕೂರುವ ಮೊದಲೇ ಅವರು ಗೋಳವನ್ನು ತಿರುಗಿಸಿದರು.

ಗಿಲಿಗಿಲಿ.

"ಒಳಗೇನಪ್ಪ ಸದ್ದು?"

"ನಮ್ಮ ಕ್ಲೋಸ್‌ಪೇಟೆ ಬೆಟ್ಟಗಳು ಸಾರ್. ಮೇಲೆ ಅಂಟಿಸಿದ್ರೆ ಬಿದ್ದೋಗ್ತವೆ ಅಂತ ಒಳೀಕೆ ಹಾಕವ್ರೆ."

ಇನ್‌ಸ್ಪೆಕ್ಟರು ಮುಖಕ್ಕೆ ಕರವಸ್ತ್ರ ಹಿಡಿದರು. ತಲೆಯ ಮೇಲಿನ ರುಮಾಲು ಅಲ್ಲಾಡುತ್ತಿತ್ತು. ಕರವಸ್ತ್ರ ಮಡಿಸಿಟ್ಟು, ಐಚ್ಛಿಕ ಮುಂದುವರಿಯಲಿ ಎಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಮೊಮ್ಮಗಳು ಹಗಲೆಲ್ಲ ಅಳುತ್ತಾಳೆ, ಈ ಗೋಳವನ್ನು ಪರಿಶೀಲನೆಗೆ ಒಯ್ಯುತ್ತೇನೆ ಎಂದರು. ಬೇಡವೆನ್ನಲು ನನಗೇನು ಹುಚ್ಚೇ? ಜಟಕಾ ಹೊರಟಿತು. ದಾರಿಯಲ್ಲಿ ಕಲ್ಲು ಸಿಕ್ಕ ಕಡೆಯೆಲ್ಲ ಗಿಲಿಗಿಲಿ ಕೇಳುತ್ತಿತ್ತು.

ಹಿಂದಿನ ಬೆಂಚಿನಿಂದ ಗೌಡರು ಎದ್ದು ಬಂದು ನನ್ನ ಪಕ್ಕ ನಿಂತರು. ಪೌರನೀತಿ ಕಲಿತವರಲ್ಲವೇ, ಕೈಕಟ್ಟಿರಲಿಲ್ಲ.

"ಮೇಷ್ಟ್ರೇ, ನಮ್ಮೂರೂ ಅದ್ರಲ್ಲೇ ಐತೆ ಅಂತ ಏಳ್ಕೊಟ್ರಿ. ಈಗ ಇಡೀ ಲೋಕಾನೇ ಅವ್ರು ಗಾಡೀಲಿ ಮಡಿಕ್ಕಂಡ್ ವೋದ್ರು. ಅಂದ್ಮ್ಯಾಕೆ ಈ ವರ್ಷ ನಮ್ಮ ಹೊಲದ ಕಂದಾಯ ಅವ್ರೇ ಕಟ್ತಾರಾ, ಒಸಿ ಕೇಳ್ಬುಡಿ."