ಕಿವಿ ಮುಚ್ಚದ ಇಯರ್‌ಬಡ್ಸ್ ಮತ್ತು ನನ್ನ ಹೂಂ

ಕಥೆ ಹೇಳುವವರಿಗೆ ನಮ್ಮ ಕಡೆ ಎಂದೂ ಬರ ಬಂದಿಲ್ಲ. ಬರ ಇರುವುದು ಹೂಂ ಎನ್ನುವವರಿಗೆ. ನಾನು ಚಿಕ್ಕವಳಿದ್ದಾಗ ಅಜ್ಜಿ ಕಥೆ ಶುರು ಮಾಡುವ ಮೊದಲೇ ಕರಾರು ಹಾಕುತ್ತಿದ್ದಳು, “ಹೂಂ ಅಂದ್ರ ಹೇಳ್ತೀನಿ, ಇಲ್ಲಾಂದ್ರ ಇಲ್ಲ” ಅಂತ. ನನ್ನ ಹೂಂ ನಿಂತರೆ ರಾಜಕುಮಾರಿ ಏಳು ಸಮುದ್ರದಾಚೆ ಹಾಗೇ ನಿಂತುಬಿಡುತ್ತಿದ್ದಳು. ಹೀಗಾಗಿ ಹೂಂ ಎನ್ನುವ ವಿದ್ಯೆ ನನಗೆ ಅಕ್ಷರಕ್ಕಿಂತ ಮೊದಲೇ ಬಂದಿದೆ. ಆ ವಿದ್ಯೆಯನ್ನು ಮೂರು ತಿಂಗಳು ಕಳ್ಳತನಕ್ಕೆ ಬಳಸಿದೆ. ಮನೆಯವರೆದುರು ಒಪ್ಪಿಕೊಂಡಾಗಿದೆ, ಇನ್ನು ನಿಮ್ಮೆದುರು ನಾಚಿಕೆ ಏನು?

ನಮ್ಮ ಮನೆ ಕೊಪ್ಪಳದಲ್ಲಿ, ನನ್ನ ನೌಕರಿ ಯಲಬುರ್ಗಾದ ಒಂದು ಸರಕಾರಿ ಕಚೇರಿಯಲ್ಲಿ. ಬೆಳಗಿನ ಬಸ್ಸು ಹಿಡಿಯುವುದರೊಳಗೆ ಇಪ್ಪತ್ತು ರೊಟ್ಟಿ ಬಡಿಯಬೇಕು. ಸರಿಯಾಗಿ ಆ ಹೊತ್ತಿಗೇ ನಮ್ಮ ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತು ಕಥೆ ತೆಗೆಯುತ್ತಾರೆ. ಅವರ ಬಳಿ ಒಟ್ಟು ಒಂಬತ್ತು ಕಥೆಗಳಿವೆ. ತವರಿನ ಎಮ್ಮೆ ಇಟಗಿಯ ಗುಡಿಯ ಕಡೆ ಕಳೆದುಹೋದದ್ದು, ಮದುವೆಯ ಬಂಡಿ ಎರೆಹೊಲದಲ್ಲಿ ಹೂತುಕೊಂಡದ್ದು, ಹೀಗೆ. ನಾನು ಸೊಸೆಯಾಗಿ ಬಂದ ಈ ಹನ್ನೊಂದು ವರ್ಷದಲ್ಲಿ ಆ ಎಮ್ಮೆ ಎಷ್ಟು ಸಲ ಕಳೆದು ಎಷ್ಟು ಸಲ ಸಿಕ್ಕಿದೆಯೋ ಆ ಶಿವನಿಗೇ ಗೊತ್ತು.

ಹಾಗಂತ ನಾನೇನು ಮಿತಭಾಷಿಯಲ್ಲ. ಸಂಜೆ ಬಂದು ಹೆಗಲ ಚೀಲ ಇಳಿಸುವ ಮೊದಲೇ ಕಚೇರಿಯ ಪುರಾಣ ಬಿಚ್ಚುತ್ತೇನೆ. ಸಾಹೇಬರು ಏನಂದರು, ಅದಕ್ಕೆ ನಾನು ಏನು ಅಂದೆ, ಏನು ಅನ್ನಬೇಕಾಗಿತ್ತು ಆದರೆ ಅನ್ನಲಿಲ್ಲ, ಎಲ್ಲ. ಅತ್ತೆ ಶೇಂಗಾ ಸುಲಿಯುತ್ತ ಹೂಂ ಹೂಂ ಎನ್ನುತ್ತಾರೆ. ನಮ್ಮವರೂ ಹೂಂ ಎನ್ನುತ್ತಾರೆ, ಆದರೆ ಅವರ ಹೂಂ ಮೊಬೈಲಿನ ಹಿಂದಿನಿಂದ ಬರುವಂಥದು. ಅದರಲ್ಲಿ ಜೀವ ಇರುವುದಿಲ್ಲ.

ಆ ಮೂರು ತಿಂಗಳ ಶುರುವಿನಲ್ಲಿ ನನಗೆ ಮೊಬೈಲಿನಲ್ಲಿ ಕಾದಂಬರಿ ಕೇಳುವ ಚಟ ಹತ್ತಿತು. ಪತ್ತೇದಾರಿ ಕಾದಂಬರಿ, ದಿನಕ್ಕೊಂದು ಕಂತು. ಅದಕ್ಕೆಂದೇ ರಬ್ಬರಿನ ತುದಿಯ ಇಯರ್‌ಬಡ್ಸ್ ತಂದೆ. ಬಾಟಲಿಗೆ ಬೂಚು ಹಾಕಿದ ಹಾಗೆ ಅವು ಕಿವಿಯೊಳಗೆ ಕೂತರೆ ಬಸ್ಸಿನ ಸದ್ದೂ ಇಲ್ಲ, ಜಗತ್ತೂ ಇಲ್ಲ. ಒಂದು ದಿನ ಧೈರ್ಯ ಮಾಡಿ ರೊಟ್ಟಿ ಬಡಿಯುವಾಗಲೂ ಹಾಕಿಕೊಂಡು ತಲೆಯ ಮೇಲೆ ಸೆರಗು ಹೊದ್ದೆ. ಅತ್ತೆ “ಎಷ್ಟ್ ಲಕ್ಷಣ ಕಾಣ್ತಿ ನೋಡು” ಅಂದರಂತೆ, ಅದೂ ನನಗೆ ಕೇಳಿಸಲಿಲ್ಲ. ಓರೆಗಣ್ಣಿನಿಂದ ನೋಡುತ್ತಿದ್ದೆ. ಅವರ ಬಾಯಿ ನಿಂತಾಗ ಹೂಂ, ಕೈ ಮೇಲೆದ್ದಾಗ ಅಯ್ಯ, ತಲೆ ಅಲ್ಲಾಡಿದಾಗ ಹೌದೇನ್ರಿ. ಎಲ್ಲ ಸುರಳೀತ ನಡೆದಿತ್ತು.

ಒಂದು ಗುರುವಾರ ಕಾದಂಬರಿಯಲ್ಲಿ ಕೊಲೆಗಾರ ಸಿಕ್ಕೇಬಿಡುವ ಹೊತ್ತು. ಅತ್ತೆಯ ಬಾಯಿ ನಿಂತಿತು. ಹೂಂ ಅಂದೆ. ಬಾಯಿ ಮತ್ತೆ ಆಡಲಿಲ್ಲ. ಒಂದು ಹೂಂ ಸಾಲಲಿಲ್ಲವೇನೋ ಎಂದು “ಹೂಂನ್ರಿ ಅತ್ತಿ, ಮತ್ತ” ಎಂದು ಇನ್ನೊಂದು ಸೇರಿಸಿದೆ. ಅವರು ಮಣೆ ಎತ್ತಿಕೊಂಡು ಒಳಗೆ ಹೋದರು. ಸಂಜೆ ನಾನು ಬರುವಷ್ಟರಲ್ಲಿ ಗಂಗಾವತಿಯ ಮಗಳ ಮನೆಗೆ ಹೋಗಿಬಿಟ್ಟಿದ್ದರು. ನಾದಿನಿಯ ಫೋನ್ ಬಂತು. “ವೈನಿ, ‘ನಾ ನಿಮಗ ಭಾರ ಆಗೀನೇನು’ ಅಂತ ಅವ್ವ ಕೇಳಿದ್ಲಂತ. ನೀವು ಹೂಂ ಅಂದ್ರಂತ. ಅದೂ ಎರಡ ಸಲ.”

ನನಗೆ ಟೈಫಾಯ್ಡ್ ಆದಾಗ ಹದಿನೈದು ದಿನ ಗಂಜಿ ಕುಡಿಸಿದವರು ಅವರು. ನಾನು ನೌಕರಿ ಬಿಡುತ್ತೇನೆ ಎಂದು ಕೂತಾಗ ಬೈದು ಬಸ್ಸು ಹತ್ತಿಸಿದವರೂ ಅವರೇ. ಅಂಥವರಿಗೆ ಒಬ್ಬ ಕೊಲೆಗಾರನ ಸಲುವಾಗಿ ಎರಡು ಸಲ ಹೂಂ ಅಂದಿದ್ದೆ. ಅತ್ತುಬಿಟ್ಟೆ. ನಮ್ಮವರು “ಫೋನಿನ್ಯಾಗ ಹೇಳಿದ್ರ ಅವ್ವ ನಂಬಂಗಿಲ್ಲ, ನೀನಽ ಹೋಗಬೇಕು” ಅಂದರು. ರಜೆ ಸಿಗುವುದು ರವಿವಾರವೇ. ಅಲ್ಲಿಯವರೆಗೆ ಸಂಜೆಯ ಪುರಾಣ ಹೊಟ್ಟೆಯಲ್ಲೇ ಉಳಿಯಿತು.

ಶುಕ್ರವಾರ ಬೆಳಿಗ್ಗೆ ರಬ್ಬರಿನ ಜೋಡಿಯನ್ನು ಬಸ್ ನಿಲ್ದಾಣದ ಹತ್ತಿರದ ರಫೀಕ್ ಭಾಯಿಯ ಮೊಬೈಲ್ ಅಂಗಡಿಗೆ ಒಯ್ದು ತೋರಿಸಿ, ಕಿವಿ ಮುಚ್ಚದಂಥದು ಕೊಡಿ ಎಂದೆ. ಅವರು ಡಾಕ್ಟರರ ಹಾಗೆ ಪ್ರಶ್ನೆ ಕೇಳಿದರು. “ಮ್ಯಾಡಂ, ಮೊದಲ ಇದನ್ನ ಹೇಳ್ರಿ. ಹೊರಗಿನ ಸಪ್ಪಳ ನಿಮಗ ಬೇಕೋ ಬ್ಯಾಡೋ?”

ಇಷ್ಟು ವಯಸ್ಸಾಯಿತು, ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. “ಅಡಿಗಿಮನ್ಯಾಗ ಬೇಕ್ರಿ, ಬಸ್ಸಿನ್ಯಾಗ ಬ್ಯಾಡ್ರಿ, ಆಫೀಸಿನ್ಯಾಗ ಯಾರು ಮಾತಾಡ್ತಾರ ಅನ್ನೂದರ ಮ್ಯಾಲ ಐತ್ರಿ” ಎಂದೆ.

ಅವರು ಕೊಂಡಿಯಂಥ ಒಂದು ಜೋಡಿ ತೆಗೆದರು. “ಇದು ಕಿವಿ ಒಳಗ ಹೋಗಂಗಿಲ್ರಿ. ಬಾಗಲದಾಗ ಕುಂತು ಮಾತಾಡತೈತಿ ಅಷ್ಟ. ಅಡಿಗಿಮನಿಗೆ ಭಾಳ ಛಲೋ. ಬಸ್ಸಿನ್ಯಾಗ ಮಾತ್ರ ಏನೂ ಕೇಳಸಂಗಿಲ್ಲ, ಆಮ್ಯಾಲ ಬಂದು ನನ್ನ ಬೈಬ್ಯಾಡ್ರಿ.” ಬಾಗಿಲಲ್ಲಿ ಕುಳಿತು ಮಾತಾಡುವುದು ಎಂದ ಕೂಡಲೇ ನನಗೆ ಅತ್ತೆಯ ಮಣೆ ನೆನಪಾಯಿತು. ಅದನ್ನೇ ತೆಗೆದುಕೊಂಡೆ.

ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಬಸ್ಸಿನಲ್ಲಿ ಪತ್ತೇದಾರ ಏನಂದನೋ ಕೇಳಿಸಲಿಲ್ಲ, ಹಿಂದಿನ ಸೀಟಿನ ಹೆಂಗಸು ತನ್ನ ಬೀಗಿತ್ತಿಯ ಬಗ್ಗೆ ಅಂದದ್ದೆಲ್ಲ ಕೇಳಿಸಿತು. ಬಸ್ಸಿನಲ್ಲಿ ದನಿ ಏರಿಸಿಟ್ಟದ್ದನ್ನು ಇಳಿಸಲು ಮರೆತು ಕಚೇರಿಯ ಊಟದ ಹೊತ್ತಿಗೆ ಮತ್ತೆ ಹಾಕಿಕೊಂಡೆ. ಪಕ್ಕದ ಮೇಜಿನ ಬಸವರಾಜಪ್ಪನವರು ಬುತ್ತಿ ಮುಚ್ಚಿ ಮೆಲ್ಲಗೆ, “ಮ್ಯಾಡಂ, ನನಗ ಆ ವಕೀಲನ ಮ್ಯಾಲ ಸಂಶೇ ಐತ್ರಿ” ಎಂದರು. ಕಿವಿಯಿಂದ ಸೋರಿದ ಕೊಲೆ ಅವರನ್ನೂ ಮುಟ್ಟಿತ್ತು. ಕೊಲೆಗಾರ ವಕೀಲನೇ ಎಂದು ಆಮೇಲೆ ಗೊತ್ತಾಯಿತು, ಅದು ಬೇರೆ ಮಾತು.

ರವಿವಾರ ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ಗಂಗಾವತಿಗೆ ಹೋದೆ. ಅದು ಭತ್ತದ ಸೀಮೆ, ಮೂರು ಹೊತ್ತೂ ಅನ್ನ. ಅತ್ತೆಯ ಮುಖ ಇಳಿದಿತ್ತು. ನಾನು ರಬ್ಬರಿನ ಜೋಡಿಯನ್ನು ಅವರ ಮುಂದಿಟ್ಟು ಎಲ್ಲ ಒಪ್ಪಿಕೊಂಡೆ. “ಅತ್ತಿ, ನೀವು ಕೇಳಿದ್ದು ನನಗ ಕೇಳಸಲೇ ಇಲ್ರಿ. ಕೇಳಿಸಿದ್ರ ಹಂಗ ಅಂತಿದ್ನೇನ್ರಿ?”

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. “ಎಷ್ಟ್ ದಿನದಿಂದ ಹಾಕ್ಕೋತಿ?”

“ಮೂರ ತಿಂಗಳಾತ್ರಿ.”

ಅವರ ಕೈ ಬುತ್ತಿಯ ಕಡೆ ಹೋಯಿತು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, “ಹೂಂ ಮಾತ್ರ ಭಾಳ ಛಲೋ ಹಾಕ್ತಿದ್ದಿ ಬಿಡು” ಎಂದರು. ಸಂಜೆಯ ಬಸ್ಸಿಗೆ ಇಬ್ಬರೂ ಕೊಪ್ಪಳಕ್ಕೆ ಬಂದೆವು.

ಈಗ ರೊಟ್ಟಿ ಬಡಿಯುವಾಗ ಹೊಸ ಜೋಡಿ, ಸೆರಗಿನ ಮರೆ ಇಲ್ಲದೆ, ರಾಜಾರೋಷವಾಗಿ. ಪತ್ತೇದಾರನೂ ಕೇಳಿಸುತ್ತಾನೆ, ಅತ್ತೆಯೂ ಕೇಳಿಸುತ್ತಾರೆ. ಎರಡೂ ಕಲಸಿ ಕೆಲವು ದಿನ ಪೊಲೀಸರು ಇಟಗಿಯಲ್ಲಿ ಎಮ್ಮೆ ಹುಡುಕುತ್ತಿರುತ್ತಾರೆ. ನಾನಾದರೋ ಕಿವಿ ತೆರೆದ ಉತ್ಸಾಹದಲ್ಲಿ ನಡುವೆ ಬಾಯಿ ಹಾಕತೊಡಗಿದೆ. “ಅತ್ತಿ, ನಿನ್ನೆ ಎಮ್ಮಿದು ಕ್ವಾಡು ಮುರದಿತ್ತು ಅಂದ್ರಿ, ಇವತ್ತ ಕಾಲು ಅಂತೀರಲ್ರಿ?” ಅತ್ತೆ ಸಿಡುಕಿದರು. “ಕೇಳಾಕ ಹತ್ತಿದ ಮ್ಯಾಲ ನಿಂದು ತಕರಾರು ಭಾಳ ಆತು. ಆ ಮೊದಲಿಂದು ಎಲ್ಲೈತಿ?” ಬಸ್ಸಿನಲ್ಲಿ ಕೇಳುವುದನ್ನು ಬಿಟ್ಟಿದ್ದೆ, ರಬ್ಬರಿನ ಜೋಡಿ ಗೋಡೆಯ ಗೂಡಿನಲ್ಲಿ ಬಿದ್ದಿತ್ತು. ನಕ್ಕು ಅತ್ತ ಕೈ ತೋರಿಸಿ ಬಸ್ಸಿಗೆ ಓಡಿದೆ.

ಮೊನ್ನೆ ಕಚೇರಿಯಲ್ಲಿ ನನಗೆ ದೊಡ್ಡ ಅವಮಾನವಾಯಿತು. ಸಂಜೆ ಬಂದವಳೇ ಅತ್ತೆಯ ಮುಂದೆ ಕುಳಿತು ಅಡಿಯಿಂದ ಮುಡಿಯವರೆಗೆ ಹೇಳಿದೆ. ಅವರು ತಲೆಯ ತುಂಬ ಸೆರಗು ಹೊದ್ದು ಶೇಂಗಾ ಸುಲಿಯುತ್ತ, ಹೂಂ, ಅಯ್ಯ, ಹೌದೇನ ಎಂದು ಎಷ್ಟು ಚೆಂದ ಕೇಳಿದರೆಂದರೆ ನನ್ನ ಅರ್ಧ ಸಂಕಟ ಇಳಿಯಿತು. “ಈಗ ನೀವಽ ಹೇಳ್ರಿ ಅತ್ತಿ, ತಪ್ಪು ಯಾರದು, ಸಾಹೇಬ್ರದೋ ನಂದೋ?” ಎಂದೆ.

“ಹೂಂ” ಎಂದರು ಅತ್ತೆ.

ಅತ್ತ ನಮ್ಮವರು ಮುಖ ತಿರುಗಿಸಿ ನಗುತ್ತಿದ್ದರು. ಅತ್ತೆಯ ಮೊಬೈಲಿನ ಪರದೆಯಲ್ಲಿ ಯಾವುದೋ ತತ್ವಪದ ಓಡುತ್ತಿತ್ತು, ಆದರೆ ಹೊರಗೆ ಒಂದು ಚೂರೂ ಸದ್ದಿರಲಿಲ್ಲ. ಸೆರಗಿನ ಅಂಚಿನಲ್ಲಿ ನನ್ನ ರಬ್ಬರಿನ ಜೋಡಿ ಇಣುಕುತ್ತಿತ್ತು. ನಾನು ಸುಮ್ಮನಾದದ್ದು ಕಂಡು ಅತ್ತೆ ಇನ್ನೊಂದು ಹೂಂ ಸೇರಿಸಿದರು.

ಹೂಂ ಬಹಳ ಚೆನ್ನಾಗಿತ್ತು. ನಾನು ಸಾಹೇಬರ ಕಥೆಯನ್ನು ಮೊದಲಿನಿಂದ ಶುರು ಮಾಡಿದೆ.